ಮಿಕ್ಕಿರೋ ಸಿಹಿಗುಂಬಳ ಎಸೆಯೋಕೆ ಮನಸ್ಸಾಗ್ತಿಲ್ಲ, ಏನ್ ಮಾಡ್ಲಿ?

ಇಬ್ಬರ ಅಮ್ಮ: ಎಲ್ರಿಗೂ ನಮಸ್ಕಾರ. ನಾವು ಈ ದೇಶಕ್ಕೆ ಬಂದು ಒಂದು ವರ್ಷ ಆಯ್ತು ಅಷ್ಟೇ. ಇಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಸಿಹಿಗುಂಬಳದಲ್ಲಿ ಮುಖ ಕೆತ್ತಿ ಒಳಗೆ ಮೇಣದಬತ್ತಿ ಹಚ್ಚಿಡ್ತಾರಲ್ಲ, ಅದಕ್ಕೆ ತಂದಿದ್ರಲ್ಲಿ ಮನೇಲಿ ಐದು ಮಿಕ್ಕಿದೆ, ಎರಡಕ್ಕೆ ಮಕ್ಕಳು ಮುಖ ಕೆತ್ತಿದಾರೆ, ಒಂದಕ್ಕೆ ಬಣ್ಣ ಬಳಿದಿದಾರೆ, ಇನ್ನೆರಡು ಹಾಗೇ ಇದೆ. ಕೆತ್ತಿದ್ದು ಆಗ್ಲೇ ಮೆತ್ತಗಾಗಿ ಬೂಷ್ಟು ಹಿಡೀತಿದೆ. ಕಸಕ್ಕೆ ಹಾಕೋಕೆ ಹೋದ್ರೆ ಚಿಕ್ಕವಳು ತಬ್ಕೊಂಡು ಅಳ್ತಾಳೆ. ಹಿತ್ತಲು ಪುಟ್ಟದು. ಏನಾದ್ರೂ ದಾರಿ ಹೇಳಿ.

ಮಣ್ಣಿನ ಮನುಷ್ಯ: ಕೆತ್ತಿ ಹೊರಗಿಟ್ಟಿದ್ದನ್ನ ತಿನ್ಬೇಡಿ, ಅದು ಮಣ್ಣಿಗೆ. ಮೇಣ ಕೆರೆದು ತೆಗೀರಿ, ಬೀಜ ಒಂದೂ ಬಿಡಬೇಡಿ, ಇಲ್ಲಾಂದ್ರೆ ಗೊಬ್ಬರದ ತುಂಬ ಬಳ್ಳಿ ಏಳತ್ತೆ, ಆಮೇಲೆ ಸಲಿಕೇಲಿ ಕೊಚ್ಚಿ. ಕುಂಬಳದಲ್ಲಿ ಸುಮಾರು 90% ನೀರೇ, ಅದಕ್ಕೇ ಒಂದು ಬುಟ್ಟಿಗೆ ಎರಡು ಮೂರು ಬುಟ್ಟಿ ಒಣ ಎಲೆ ಹಾಕ್ಬೇಕು, ಬರೀ ಕುಂಬಳ ಹಾಕಿದ್ರೆ ಗಬ್ಬು ನಾರತ್ತೆ. ಕಾಂಪೋಸ್ಟ್ ಡಬ್ಬಿ ಇಲ್ವಾ, ಒಂದಡಿ ಗುಂಡಿ ತೋಡಿ ಹೂತುಬಿಡಿ. ಬಣ್ಣದ್ದು ಸಿಪ್ಪೆ ದಪ್ಪಕ್ಕೆ ಹೆರೆದು ಒಳಗಿಂದು ಮಾತ್ರ ಹಾಕಿ. ಮುಟ್ಟದೇ ಇರೋವು ತೊಟ್ಟು ಗಟ್ಟಿ ಇದ್ದು ಪೆಟ್ಟಾಗಿಲ್ಲ ಅಂದ್ರೆ 10–15 ಡಿಗ್ರಿ ತಂಪಿನ ಒಣ ಜಾಗದಲ್ಲಿ ಎರಡು ಮೂರು ತಿಂಗಳು ಇರತ್ತೆ, ಆತುರ ಬೇಡ.

ದೂರದ ಹಕ್ಕಿ: ನನ್ನ ಮಗ ಐದು ವರ್ಷದವನಿದ್ದಾಗ ಅವನು ಕೆತ್ತಿದ್ದನ್ನ ರಾತ್ರೋರಾತ್ರಿ ಕಸಕ್ಕೆ ಹಾಕ್ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ಮನೆಯೆಲ್ಲಾ ಹುಡುಕಿದ. ಈಗ ಕಾಲೇಜಿಗೆ ಅಂತ ದೂರ ಇದಾನೆ, ವಾರಕ್ಕೊಂದು ಫೋನು, ಕನ್ನಡದಲ್ಲಿ ಎರಡು ಮಾತು. ಅವಳು ಅಳೋದು ನಿಲ್ಲೋವರೆಗೂ ಕಾಯಿರಿ, ನೀವೇ ನಿರ್ಧಾರ ಮಾಡ್ಬೇಡಿ.

ಹಳೇ ಸದಸ್ಯ: 22 ವರ್ಷದಿಂದ ಇಲ್ಲಿದೀನಿ, ಒಂದೇ ಮಾತು ಹೇಳ್ತೀನಿ. ತರೋದನ್ನೇ ನಿಲ್ಲಿಸಿ. ಅನ್ನ ಆಟದ ಸಾಮಾನಲ್ಲ. ತಿನ್ನೋ ಪದಾರ್ಥ ಕೆತ್ತಿ ಕೊಳೆಸೋದನ್ನ ಮಕ್ಕಳಿಗೆ ಕಲಿಸಿ ಆಮೇಲೆ ಗೊಬ್ಬರ ಮಾಡಿದ್ವಿ ಅಂತ ಸಮಾಧಾನ ಪಟ್ಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ನಮ್ಮನೇಲಿ ಯಾವತ್ತೂ ತಂದಿಲ್ಲ, ಇಬ್ಬರೂ ಚೆನ್ನಾಗೇ ಬೆಳೆದಿದಾರೆ.

ತೋಟದ ಹುಚ್ಚು: ಹಾಗೇ ಇರೋದ್ರಲ್ಲಿ ಒಂದನ್ನ ಅರ್ಧ ಮಾಡಿ, ಬುಡಕ್ಕೆ ತೂತು ಕೊರೆದು, ಮಣ್ಣು ತುಂಬಿ ಸಸಿ ನೆಡಿ. ಚಿಪ್ಪು ಮೆತ್ತಗಾದಾಗ ಕುಂಡ ಸಮೇತ ನೆಲಕ್ಕಿಳಿಸಿ, ಬೇರು ಕದಲಲ್ಲ. ಇನ್ನರ್ಧದಲ್ಲಿ ಹಕ್ಕಿಗೆ ಕಾಳು ಇಡಿ, ಕೊಳೆಯೋಕೆ ಶುರುವಾದ ತಕ್ಷಣ ತೆಗೀರಿ.

ಎರಡು ಊರಿನವಳು: ಹಳೇ ಸದಸ್ಯರೇ, ಓರಗೆಯವರೆಲ್ಲಾ ಕೆತ್ತುವಾಗ ನಮ್ಮ ಮಗು ಒಂದೇ ಕೈಕಟ್ಟಿ ನಿಲ್ಲಬೇಕಾ? ನಾನು ಹಾಗೆ ನಿಂತು ಬೆಳೆದವಳು, ಆ ಬೇಜಾರು ನಿಮಗೆ ಗೊತ್ತಿಲ್ಲ.

ಹಳೇ ಸದಸ್ಯ: ಎಲ್ಲರೂ ಮಾಡ್ತಾರೆ ಅನ್ನೋದು ಕಾರಣ ಅಲ್ಲ. ಹೀಗೇ ಒಂದೊಂದೇ ಬಿಟ್ಕೊಡ್ತಾ ಭಾಷೇನೂ ಬಿಟ್ಟಿದೀವಿ.

ಎರಡು ಊರಿನವಳು: ಕುಂಬಳಕ್ಕೂ ಭಾಷೆಗೂ ಏನ್ ಸಂಬಂಧ? ನನ್ನ ಮಕ್ಕಳು ಕೆತ್ತೋದೂ ಕನ್ನಡದಲ್ಲೇ ಜಗಳ ಆಡ್ಕೊಂಡು.

ಇಬ್ಬರ ಅಮ್ಮ: ಮಧ್ಯೆ ಒಂದು ಪ್ರಶ್ನೆ, ಬೀಜ ಮುಂದಿನ ವರ್ಷಕ್ಕೆ ಎತ್ತಿಡಬಹುದಾ?

ಹಳೇ ಸದಸ್ಯ: ಸಂಬಂಧ ಇದೆ, ಯೋಚನೆ ಮಾಡಿ ನೋಡಿ. ಮನೇಲಿ ಬೇಡ ಅನ್ನೋಕೆ ಒಬ್ಬರಾದ್ರೂ ಇರಬೇಕು.

ಮಣ್ಣಿನ ಮನುಷ್ಯ: ಬೀಜ ತೊಳೆದು ನೆರಳಲ್ಲಿ ಚೆನ್ನಾಗಿ ಒಣಗಿಸಿ ಪೇಪರ್ ಕವರಲ್ಲಿಡಿ, ನಾಲ್ಕೈದು ವರ್ಷ ಮೊಳಕೆ ಶಕ್ತಿ ಇರತ್ತೆ. ಆದ್ರೆ ಪರಾಗ ಬೇರೆ ತಳಿ ಜೊತೆ ಬೆರೆತಿದ್ರೆ ಅದೇ ಥರದ ಕಾಯಿ ಬರಲ್ಲ, ಕಹಿ ಬಂದ್ರಂತೂ ತಿನ್ಲೇಬೇಡಿ, ಕಹಿ ಅಂಶ ವಿಷ. ಚಳಿ ಪೂರ್ತಿ ಹೋಗಿ ಮಣ್ಣು ಬೆಚ್ಚಗಾದ ಮೇಲೇ ಬಿತ್ತಿ.

ಇಬ್ಬರ ಅಮ್ಮ: ತುಂಬಾ ಥ್ಯಾಂಕ್ಸ್. ಗುಂಡಿ ಚಿಕ್ಕವಳ ಕೈಲೇ ತೋಡಿಸ್ದೆ. ಹೂಳೋ ಮುಂಚೆ ಕುಂಬಳದ ಮುಖಕ್ಕೆ ಮುತ್ತು ಕೊಟ್ಲು, ಅಳಲಿಲ್ಲ. ಜಾಗ ಮರೀಬಾರ್ದು ಅಂತ ಒಂದು ಕಡ್ಡಿ ನೆಟ್ಟಿದಾಳೆ.