ಸಮುದ್ರದ ದಂಡೆಯ ಮನೆ ರಿಪೇರಿ: ಮಳೆಗೆ ಮೊದಲೇ ಮುಗಿಸಬೇಕಾ, ದೀಪಾವಳಿವರೆಗೆ ಕಾಯಬೇಕಾ?

ಟಿಳಕವಾಡಿಯವ (ಬೆಳಗಾವಿ):

ನಮಸ್ಕಾರರೀ ಎಲ್ಲರಿಗೂ. ಅಂಕೋಲಾ ಹತ್ತಿರ ಹಾರವಾಡದಲ್ಲಿ ನನ್ನ ಹೆಂಡತಿಯ ತವರಿನ ಹಳೆ ಮನೆ ಇದೆ. ಅಂಗಳದಲ್ಲಿ ನಿಂತರೆ ಸಮುದ್ರ ಕಾಣುತ್ತದೆ, ನಡುವೆ ಗಾಳಿಮರದ ಒಂದು ಸಾಲು ಮಾತ್ರ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಬೆಳಗಾವಿಗೆ ಬಂದರು, ಆ ಮನೆಗೆ ಬೀಗ ಬಿತ್ತು. ಬೇಸಿಗೆ ರಜೆಗೆ ಹೋಗಿ ಹದಿನೈದು ದಿನ ಇದ್ದು ಬರುವುದು ಬಿಟ್ಟರೆ ಯಾರೂ ಇರುವುದಿಲ್ಲ.

ಮೊನ್ನೆ ಹೋಗಿ ಬಂದೆವು. ಈ ಸಲ ಮನೆ ನೋಡಿ ಹೊಟ್ಟೆ ಚುರ್ ಅಂದಿತು. ಹಿಂದಿನ ಭಾಗ ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚು. ಅಲ್ಲಿ ಮೂರು ಕಡೆ ಸೋರಿದ ಗುರುತು, ಹೆಂಚು ಹೊರುವ ಎರಡು ರೀಪು ಪಟ್ಟಿ ಕೈಯಲ್ಲಿ ಹಿಡಿದರೆ ಪುಡಿ. ಮುಂದಿನ ಜಗಲಿಗೆ ಮಾವ 1994ರಲ್ಲಿ ಸ್ಲ್ಯಾಬ್ ಹಾಕಿಸಿದ್ದರು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಜಗಲಿಯಲ್ಲಿ ದಪ್ ಅಂತ ಸದ್ದು. ಹೋಗಿ ನೋಡಿದರೆ ತಟ್ಟೆಯಷ್ಟು ಅಗಲದ ಗಿಲಾವು ಕಳಚಿ ಬಿದ್ದಿದೆ, ಮೇಲೆ ತುಕ್ಕು ಹಿಡಿದ ಸರಳು ಕಾಣುತ್ತಿದೆ. ಸಂಜೆ ಅದೇ ಜಾಗದಲ್ಲಿ ಮಗಳು ಚಾಪೆ ಹಾಸಿ ಮಲಗಿಕೊಂಡು ಓದುತ್ತಿದ್ದಳು. ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ.

ಇನ್ನು ಕಿಟಕಿ ಸರಳು ಪದರ ಪದರ ಎದ್ದಿವೆ. ಗೋಡೆಯ ಕೆಳಗಿನ ಎರಡು ಅಡಿ ಬಣ್ಣ ಉದುರಿ ಬಿಳಿ ಪುಡಿ ಬರುತ್ತಿದೆ. ಬಾವಿ ನೀರು ಬಾಯಿಗೆ ಹಾಕಿದರೆ ಉಪ್ಪು.

ಅಲ್ಲಿಯ ಗೌಂಡಿ "ಮಳೆ ಬರುವುದರೊಳಗೆ ಹದಿನೈದು ದಿನದಲ್ಲಿ ಸ್ಲ್ಯಾಬ್, ಗಿಲಾವು, ಬಣ್ಣ ಎಲ್ಲ ಮುಗಿಸಿ ಕೊಡುತ್ತೇನೆ, ಮೂರು ಲಕ್ಷ" ಅಂದರು. ಹೆಂಡತಿ ದೀಪಾವಳಿ ಆಗಲಿ ಅನ್ನುತ್ತಾಳೆ. ಮೂರು ಲಕ್ಷದ ಆಚೆ ನಮ್ಮ ಕೈ ಹೋಗುವುದಿಲ್ಲ. ಜೊತೆಗೆ, ದಂಡೆಯಿಂದ ಬಂದವರು ಉಸುಕು ತೊಳೆದುಕೊಳ್ಳಲು ಜಗಲಿ ಮುಂದೆ ಒಂದು ಬಚ್ಚಲು ಕಟ್ಟಿಸುವ ಆಸೆಯೂ ಇದೆ. ಯಾವುದು ಈಗ, ಯಾವುದು ಆಮೇಲೆ? ಮನೆ ಬೀಳಲು ಬಿಡಬೇಡಿ ಅಂತ ಅತ್ತೆ ಕೇಳಿದ್ದು ಅಷ್ಟೇ. ತಿಳಿದವರು ದಯವಿಟ್ಟು ಹೇಳಿ.

ನವನಗರದ ಸಿವಿಲ್ (ಬಾಗಲಕೋಟೆ):

ಸರ್, ಮೊದಲು ಆ ಜಗಲಿ ಕೆಳಗೆ ಯಾರೂ ಕೂರದ ಹಾಗೆ ಮಾಡಿ. ಅಡ್ಡ ಹಲಗೆ ಕೊಟ್ಟು, ಸ್ಲ್ಯಾಬಿಗೆ ಕೆಳಗಿನಿಂದ ಆಧಾರ ಕೊಡುವ ಸೆಂಟ್ರಿಂಗ್ ಜಾಕಿ ನಿಲ್ಲಿಸಿ, ಬಾಡಿಗೆಗೆ ಸಿಗುತ್ತವೆ. ಇದು ಈ ವಾರದ ಕೆಲಸ. ಉಳಿದ ಸ್ಲ್ಯಾಬ್ ಕೆಲಸಕ್ಕೆ ನಾನು ನಿಮ್ಮ ಮನೆಯವರ ಕಡೆಗೇ.

ನಾನು ಆರು ವರ್ಷ ಕಾರವಾರದ ಕಡೆ ಸೈಟ್ ನೋಡಿಕೊಂಡಿದ್ದೆ. ಅಲ್ಲಿ ಸ್ಲ್ಯಾಬ್ ಹಾಳಾಗುವುದು ಮಳೆ ಸೋರಿ ಮಾತ್ರ ಅಲ್ಲ. ಗಾಳಿಯಲ್ಲಿರುವ ಉಪ್ಪು ವರ್ಷಗಟ್ಟಲೆ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಸರಳು ಮುಟ್ಟಿದ ದಿನದಿಂದ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಹಾಗಾಗಿ ಒಳಗಿನಿಂದ ಒತ್ತಿ ಕಾಂಕ್ರೀಟನ್ನೇ ಸಿಡಿಸುತ್ತದೆ. ನಮ್ಮ ಬಾಗಲಕೋಟೆಯ ಮನೆಗಳಲ್ಲಿ ಸ್ಲ್ಯಾಬ್ ಸರಳಿನ ಕೆಳಗೆ 20 ಮಿ.ಮೀ. ಕಾಂಕ್ರೀಟ್ ಇದ್ದರೆ ನಡೆದುಹೋಗುತ್ತದೆ. ಸಮುದ್ರದ ಗಾಳಿಗೆ ನೇರ ಒಡ್ಡಿಕೊಂಡ ಕಾಂಕ್ರೀಟಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಕೇಳುವುದು 45 ಮಿ.ಮೀ., ಅದೂ ಎಂ30 ಅನ್ನುವ ಗಟ್ಟಿ ಗ್ರೇಡಿನ ಕಾಂಕ್ರೀಟ್. ನಿಮ್ಮ ಸ್ಲ್ಯಾಬ್ ಅದಕ್ಕಿಂತ ಹಳೆಯದು, ಸರಳಿನ ಕೆಳಗೆ ಎಷ್ಟು ಬಿಟ್ಟಿದ್ದಾರೆ ಅಂತ ಬಿದ್ದ ಚೂರನ್ನೇ ಸ್ಕೇಲಿನಿಂದ ಅಳೆದು ನೋಡಿ.

ಈಗ ಬಾವಿ ನೀರಿನ ಮಾತು. ಇದನ್ನು ನೀವು ಕೊನೆಗೆ ಬರೆದಿದ್ದೀರಿ, ನನಗೆ ಮಾತ್ರ ಇದೇ ಮುಖ್ಯ. ಗೌಂಡಿ ಸಿಮೆಂಟು ಕಲಸುವುದು ಯಾವ ನೀರಿನಲ್ಲಿ? ನಿಮ್ಮ ಬಾವಿಯದ್ದೇ ಅಲ್ವಾ? ಮೇ ತಿಂಗಳಲ್ಲಿ ಅಂತರ್ಜಲ ಪೂರ್ತಿ ಇಳಿದಿರುತ್ತದೆ, ಸಮುದ್ರದ ನೀರು ಒಳಗೆ ನುಗ್ಗಿ ದಂಡೆಯ ಬಾವಿಗಳು ವರ್ಷದಲ್ಲೇ ಜಾಸ್ತಿ ಉಪ್ಪಾಗಿರುವ ಕಾಲ ಇದು. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಅದೇ ಐಎಸ್ 456 ಹೇಳುತ್ತದೆ. ನಾಲಿಗೆಗೇ ಉಪ್ಪು ಹತ್ತುವ ನೀರು ಬೇಡವೇ ಬೇಡ. ಉಪ್ಪಿನಿಂದ ಕೆಟ್ಟ ಸ್ಲ್ಯಾಬಿಗೆ ಉಪ್ಪನ್ನೇ ಕಲಸಿ ಮೆತ್ತಿದ ಹಾಗಾಗುತ್ತದೆ. ಮಳೆಗಾಲ ಮುಗಿದ ಮೇಲೆ ಅದೇ ಬಾವಿ ತುಂಬಿ ಸಿಹಿಯಾಗಿರುತ್ತದೆ. ಉಸುಕೂ ಹಾಗೇ, ಹತ್ತಿರ ಸಿಗುತ್ತದೆ ಅಂತ ದಂಡೆಯದ್ದು ಅಥವಾ ಅಳಿವೆಯದ್ದು ತರಿಸಬೇಡಿ, ಕಲ್ಲು ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್ ತರಿಸಿ.

ಕೆಲಸ ಮಾಡಿಸುವಾಗ ಬಿದ್ದ ಜಾಗಕ್ಕೆ ಮಾತ್ರ ಗಿಲಾವು ಮೆತ್ತಿಸಬೇಡಿ. ಇಡೀ ಸ್ಲ್ಯಾಬನ್ನು ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಡೆಸಿ. ಸರಳಿನ ಹಿಂದೆ ಬೆರಳು ತೂರುವಷ್ಟು ಕೆತ್ತಬೇಕು. ತಂತಿ ಬ್ರಷ್‌ನಿಂದ ಸರಳು ಬೆಳ್ಳಗಾಗುವವರೆಗೆ ಉಜ್ಜಿ, ಸಿಹಿ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಝಿಂಕ್ ಪ್ರೈಮರ್, ಆಮೇಲೆ ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ). ಸರಳು ಕಾಲು ಭಾಗ ಸವೆದಿದ್ದರೆ ಪಕ್ಕಕ್ಕೆ ಹೊಸದು ಕೊಡಬೇಕು. ಅರ್ಧಕ್ಕಿಂತ ಜಾಸ್ತಿ ಸ್ಲ್ಯಾಬ್ ಟೊಳ್ಳು ಅಂತ ಗೊತ್ತಾದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಸಣ್ಣ ಜಗಲಿ ತಾನೆ, ಕೆಡವಿ ಹೆಂಚು ಹೊದಿಸಿ. ಅದು ಆ ಊರಿನ ಗಾಳಿಗೆ ಒಗ್ಗುವ ಮಾಡು.

ಖಾನಾಪುರದ ಸೊಸೆ:

ಅಣ್ಣಾವ್ರೇ, ನನ್ನ ತವರು ಕುಮಟಾ. ಸ್ಲ್ಯಾಬ್ ಕಾಯಲಿ, ಹೆಂಚು ಕಾಯುವುದಿಲ್ಲ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಮತ್ತೆ ಮಾಡಿನ ಮೇಲೆ ಕಾಲಿಡಲು ಆಗುವುದಿಲ್ಲ. ವಿಜಯಪುರದ ಕಡೆ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಒಳ್ಳೆ ಮಳೆ ಅನ್ನುತ್ತಾರೆ. ಕರಾವಳಿಯಲ್ಲಿ 3,000 ದಾಟುತ್ತದೆ. ಒಂದು ಒಡೆದ ಹೆಂಚು ಸಾಕು, ಕೆಳಗಿನ ಗೋಡೆ ಪೂರ್ತಿ ನೆನೆಯಲು.

ಗಾಳಿಮರ ಇದೆ ಅಂದಿರಿ. ಏಣಿ ಹತ್ತಿ ಹತ್ತಿರದಿಂದ ನೋಡಿ. ಅದರ ಎಲೆ ಕೂದಲಿನ ಹಾಗೆ ಸಣ್ಣದು, ಹೆಂಚಿನ ಕಾಲುವೆಯಲ್ಲಿ ಒಂದರ ಮೇಲೊಂದು ಕೂತು ಹಾಸಿಗೆಯಂತಾಗಿರುತ್ತದೆ. ಮೇಲೆ ಒಣಗಿದ್ದರೂ ಕೈ ಹಾಕಿದರೆ ಕೆಳಗೆ ಕಪ್ಪು ಮಣ್ಣು. ಮಳೆ ನೀರು ಅದಕ್ಕೆ ತಡೆದು ಹಿಂದಕ್ಕೆ ತಿರುಗಿ ಹೆಂಚಿನ ಅಡಿಗೆ ಹೋಗುತ್ತದೆ. ನಮ್ಮಲ್ಲಿ ಎರಡು ವರ್ಷ ಹೆಂಚು ಬದಲಿಸಿದ್ದೇ ಬದಲಿಸಿದ್ದು, ಸೋರುವುದು ನಿಲ್ಲಲಿಲ್ಲ. ಕೊನೆಗೆ ಅಪ್ಪ ಒಂದು ಬೆಳಿಗ್ಗೆ ಪೊರಕೆ ಹಿಡಿದು ಹತ್ತಿ ಪೂರ್ತಿ ಗುಡಿಸಿದರು, ನಿಂತೇ ಹೋಯಿತು. ಅದಕ್ಕೇ ಮೊದಲು ಗುಡಿಸಿ, ಆಮೇಲೆ ಎಣಿಸಿ ಎಷ್ಟು ಹೆಂಚು ಬೇಕು ಅಂತ. ಪುಡಿಯಾದ ರೀಪು ಬದಲಿಸಿ. ಮಾಡಿನ ನೆತ್ತಿಯಲ್ಲಿರುವ ಕೋಡಿನ ಹೆಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಅದನ್ನೂ ತುಂಬಿಸಿ, ಅಷ್ಟಕ್ಕೆ ಎರಡು ಕೊಡ ಸಿಹಿ ನೀರು ಪಕ್ಕದ ಮನೆಯಿಂದ ತಂದರಾಯಿತು. ಅಂಚಿನ ಸಾಲಿನ ಹೆಂಚು ಗಾಳಿಗೆ ಏಳದ ಹಾಗೆ ತಾಮ್ರದ ತಂತಿಯಲ್ಲಿ ಕಟ್ಟಿಸಿ, ಕಬ್ಬಿಣದ ಬೈಂಡಿಂಗ್ ವೈರಾದರೆ ಆ ಗಾಳಿಗೆ ಬೇಗ ತುಂಡಾಗುತ್ತದೆ.

ಸಮುದ್ರದ ಕಡೆಯ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿ. ಹಳೆ ಕಾಲದ ಪದ್ಧತಿ ಅಂತ ಬಿಡಬೇಡಿ. ಮಳೆ ಅಲ್ಲಿ ಮೇಲಿಂದ ಬೀಳುವುದಿಲ್ಲ, ಅಡ್ಡ ಬಂದು ಗೋಡೆಗೆ ಹೊಡೆಯುತ್ತದೆ.

ಬೀಗ ಹಾಕುವಾಗ: ಮೇನ್ ಸ್ವಿಚ್ ಆಫ್, ಫ್ರಿಜ್ ಬಾಗಿಲು ತೆರೆದಿಡಿ, ಹಾಸಿಗೆ ಸುತ್ತಿ ನೆಲಕ್ಕೆ ತಾಗದ ಹಾಗೆ ಹಗ್ಗಕ್ಕೆ ತೂಗುಹಾಕಿ. ಪಕ್ಕದ ಮನೆಯವರ ಕೈಗೆ ಒಂದು ಕೀಲಿ ಕೊಟ್ಟು, ವಾರಕ್ಕೊಮ್ಮೆ ಬಿಸಿಲು ಕಂಡ ದಿನ ಬಾಗಿಲು ತೆಗೆದಿಡಲು ಹೇಳಿ. ಮುಚ್ಚಿದ ಮನೆಗೆ ಬೂಷ್ಟು ಹಿಡಿಯಲು ನಾಲ್ಕು ದಿನ ಸಾಕು. ಜುಲೈನಲ್ಲಿ ಹೋಗಿ ನೋಡಿ ಬರೋಣ ಅಂತ ಮಾತ್ರ ಹೊರಡಬೇಡಿ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದ ದಾರಿ ಆಗ ನಂಬುವ ಹಾಗಿರುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದು ನಿಮ್ಮ ಅಂಕೋಲಾ ತಾಲ್ಲೂಕಿನಲ್ಲೇ.

ಗುಮ್ಮಟದ ಓಣಿ (ವಿಜಯಪುರ):

ಬಣ್ಣದ ವಿಷಯ ಮಾತ್ರ ಹೇಳುತ್ತೇನೆ, ಯಾಕಂದರೆ ಅದರಲ್ಲಿ ಪೆಟ್ಟು ತಿಂದವನು ನಾನು. ನನ್ನ ತಂಗಿಯ ಮನೆ ಮುರುಡೇಶ್ವರದ ಹತ್ತಿರ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನಾನೇ ಮುಂದೆ ನಿಂತು ನೀರು ತಡೆಯುವ ಪ್ಲಾಸ್ಟಿಕ್ ಬಣ್ಣ ಹೊಡೆಸಿದೆ. ಗುತ್ತಿಗೆ ಹಿಡಿದವನು ಏಳು ವರ್ಷ ಗ್ಯಾರಂಟಿ ಅಂದಿದ್ದ. ಗಣೇಶ ಚೌತಿಗೆ ಹೋದರೆ ಗೋಡೆ ತುಂಬ ದೋಸೆಯ ಗುಳ್ಳೆ ಎದ್ದ ಹಾಗೆ ಎದ್ದಿದೆ. ಬೆರಳಿಂದ ಒತ್ತಿದರೆ ಬಣ್ಣ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ, ಒಳಗೆ ಬಿಳಿ ಉಪ್ಪು. ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಆ ಬಿಳಿ ಪುಡಿ ಗೋಡೆಯೊಳಗಿನ ಉಪ್ಪು. ನೆಲದ ತೇವ ಮೇಲೇರುವಾಗ ಅದನ್ನು ಹೊತ್ತುಕೊಂಡು ಬರುತ್ತದೆ, ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಬಣ್ಣವನ್ನು ದೂಡುತ್ತದೆ. ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟಷ್ಟೂ ತೇವ ಒಳಗೇ ಕಟ್ಟಿಕೊಳ್ಳುತ್ತದೆ. ಚಿರೇಕಲ್ಲಿಗೆ ಸುಣ್ಣವೇ ಸರಿ. ಅದು ತೇವವನ್ನು ಹೊರಗೆ ಬಿಡುತ್ತದೆ, ಉದುರಿದರೆ ಮರುವರ್ಷ ಕಡಿಮೆ ಖರ್ಚಿನಲ್ಲಿ ಇನ್ನೊಂದು ಕೈ ಹೊಡೆಯಬಹುದು. ನಮ್ಮ ಗೋಳಗುಮ್ಮಟ 1656ರಿಂದ ಸುಣ್ಣದ ಗಾರೆಯಲ್ಲೇ ನಿಂತಿದೆ. ಇಲ್ಲಿಯ ಹವೆ ಬೇರೆ, ಒಪ್ಪುತ್ತೇನೆ, ಆದರೆ ಕಲ್ಲಿನ ಗೋಡೆಗೆ ಉಸಿರಾಡಲು ಬಿಡಬೇಕು ಅನ್ನುವುದು ಎರಡೂ ಕಡೆ ಒಂದೇ. ಈಗ ಸುಮ್ನೆ ಒಣ ಬ್ರಷ್‌ನಿಂದ ಉಪ್ಪು ಉಜ್ಜಿ ತೆಗೆದು ಹಾಗೇ ಬಿಡಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬಣ್ಣ ಡಿಸೆಂಬರಿಗೆ.

ಟಿಳಕವಾಡಿಯವ (ಬೆಳಗಾವಿ):

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಿದ್ದ ಚೂರನ್ನು ಬೆಳಗಾವಿಗೆ ತಂದಿದ್ದೆ, ಈಗಷ್ಟೇ ಅಳೆದೆ. ಗಿಲಾವು ಬಿಟ್ಟರೆ ಸರಳಿನ ಕೆಳಗೆ ಕಾಂಕ್ರೀಟ್ 12 ಮಿ.ಮೀ. ಇದೆ, ಅಷ್ಟೇ. ಇನ್ನು ಬಚ್ಚಲಿನ ಬಗ್ಗೆ ಯಾರೂ ಹೇಳಲಿಲ್ಲ. ಕಿಟಕಿ ಸರಳಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಲಾ?

ನವನಗರದ ಸಿವಿಲ್ (ಬಾಗಲಕೋಟೆ):

12 ಅಂದರೆ ಸರ್, ಕೆಡವುವುದಕ್ಕೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆದರೂ ಒಮ್ಮೆ ತಟ್ಟಿ ನೋಡಿಯೇ ತೀರ್ಮಾನಿಸಿ.

ಬಚ್ಚಲಿಗೆ ಈಗ ಒಂದು ಕಲ್ಲೂ ಇಡಬೇಡಿ. ಹಳೆ ಅಧಿಕೃತ ಮನೆಯನ್ನು ಇದ್ದ ಪಾಯದ ಅಳತೆಯೊಳಗೆ ರಿಪೇರಿ ಮಾಡಲು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಅವಕಾಶ ಕೊಡುತ್ತದೆ. ಹೊಸದಾಗಿ ಬೆಳೆಸುವುದು ಬೇರೆ ಮಾತು. ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಬೇಡ ಅನ್ನುವುದು ನಿಯಮ, ಜನ ದಟ್ಟವಾಗಿರುವ ಹಳ್ಳಿಯಾದರೆ 50 ಮೀಟರ್. ನಿಮ್ಮ ಸರ್ವೆ ನಂಬರ್ ಯಾವುದರಲ್ಲಿ ಬರುತ್ತದೆ ಅಂತ ಪಂಚಾಯ್ತಿಯಲ್ಲಿ ಬರೆದು ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಅಲ್ಲಿಯವರೆಗೆ ಬಾವಿಕಟ್ಟೆ ಪಕ್ಕ ಫರ್ಸಿ ಹಾಸಿ ಒಂದು ನಲ್ಲಿ ಕೊಡಿಸಿ, ಕಾಲು ತೊಳೆಯಲು ಸಾಕು.

ಸ್ಟೀಲ್ ಹಾಕಿಸುವುದಾದರೆ 316 ಅನ್ನುವ ಗ್ರೇಡ್ ಕೇಳಿ ಹಾಕಿಸಿ. ಮಾಮೂಲಿ 304 ಆ ಗಾಳಿಗೆ ಕಂದು ಚುಕ್ಕೆ ಹಿಡಿಯುತ್ತದೆ. 316 ದುಬಾರಿ, ನಿಮ್ಮ ಮೂರು ಲಕ್ಷದಲ್ಲಿ ಬೇಡ. ಇರುವ ಸರಳನ್ನೇ ಕೆರೆದು ಈಗಲೇ ಪ್ರೈಮರ್ ಬಳಿಸಿ, ಮಳೆ ಕಳೆದ ಮೇಲೆ ಎರಡು ಕೈ ಎನಾಮಲ್.

ಟಿಳಕವಾಡಿಯವ (ಬೆಳಗಾವಿ):

ಗೌಂಡಿಗೆ ಫೋನ್ ಮಾಡಿ ಹೇಳಿದೆ: ಈಗ ಹೆಂಚು, ರೀಪು, ಜಾಕಿ, ಕಿಟಕಿಗೆ ಪ್ರೈಮರ್ ಇಷ್ಟೇ. ಸ್ಲ್ಯಾಬ್ ದೀಪಾವಳಿ ಆದ ಮೇಲೆ, ಸುಣ್ಣ ಡಿಸೆಂಬರಿಗೆ. ಮೊದಲು ಬೇಜಾರು ಮಾಡಿಕೊಂಡರು, ಬಾವಿ ನೀರಿನ ಮಾತು ಹೇಳಿದ ಮೇಲೆ ಅವರೇ "ಅದೂ ಖರೆ" ಅಂದರು. ಮಡಲಿನ ತಟ್ಟಿ ಅಂದ ಕೂಡಲೇ ಅತ್ತೆ ಎದ್ದು ಕೂತರು. ಮಡಲು ಎರಡು ದಿನ ನೀರಿನಲ್ಲಿ ನೆನೆಹಾಕಬೇಕು, ಒಣಗಿದ್ದನ್ನೇ ಹೆಣೆದರೆ ಮುರಿಯುತ್ತದೆ, ನಾನೇ ಕೂತು ಹೆಣೆಸುತ್ತೇನೆ ಅಂತ ಚೀಲ ತುಂಬುತ್ತಿದ್ದಾರೆ. ಶನಿವಾರ ಬೆಳಗಿನ ಜಾವ ಹೊರಡುತ್ತೇವೆ.

ನವನಗರದ ಸಿವಿಲ್ (ಬಾಗಲಕೋಟೆ):

ಬರುವಾಗ ಒಂದು ಬಾಟಲಿ ಬಾವಿ ನೀರು ತನ್ನಿ, ಲ್ಯಾಬಿನಲ್ಲಿ ಕ್ಲೋರೈಡ್ ನೋಡಿಸಿ. ನವೆಂಬರಿನಲ್ಲಿ ಇನ್ನೊಂದು ಬಾಟಲಿ ತಂದು ನೋಡಿಸಿದ ಮೇಲೆಯೇ ಸಿಮೆಂಟಿನ ಚೀಲ ಬಿಚ್ಚಿ.