ಗ್ಯಾಲಕ್ಸೀಸ್ ಎಡ್ಜ್ ನೋಡಿ ಬಂದವರು ಹೇಳಿ, ಅಭಿಮಾನಿಗಳ ಆಸೆ ತೀರುತ್ತದಾ?

ಹಳೇ_ಅಭಿಮಾನಿ:

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಅನಹೈಮ್‌ಗೆ ಹೋಗಬೇಕು ಅಂದುಕೊಂಡಿದ್ದೇನೆ, ಡಿಸ್ನಿಲ್ಯಾಂಡ್‌ನ ಸ್ಟಾರ್ ವಾರ್ಸ್ ಜಾಗ ಗ್ಯಾಲಕ್ಸೀಸ್ ಎಡ್ಜ್ ನೋಡುವುದಕ್ಕೇ. ನನಗೆ ಈ ಹುಚ್ಚು ಹಿಡಿಸಿದ್ದು ಅಪ್ಪ. ಹಳೇ ಮೂರು ಸಿನಿಮಾಗಳನ್ನು ಒಟ್ಟಿಗೆ ಕೂತು ಎಷ್ಟು ಸಲ ನೋಡಿದ್ದೇವೋ ಲೆಕ್ಕವೇ ಇಲ್ಲ. ಖಳನಾಯಕ ಡಾರ್ತ್ ವೇಡರ್ ಉಸಿರಾಡುವ ಸದ್ದು ಕೇಳಿದರೆ ಅವರಿಗೆ ಈಗಲೂ ಮೈ ಜುಂ ಅನ್ನುತ್ತದೆ.

2015ರಲ್ಲಿ ಇದನ್ನು ಕಟ್ಟುತ್ತೇವೆ ಅಂತ ಹೇಳಿದಾಗಿನಿಂದ ಕಾಯುತ್ತಿದ್ದೇನೆ. 2019ರ ಮೇ 31ಕ್ಕೆ ತೆರೆಯಿತು. ಆಮೇಲೆ ಓದಿದ್ದೆಲ್ಲ ಎರಡು ಥರ. ಒಬ್ಬರು ಕಣ್ಣಲ್ಲಿ ನೀರು ಬಂತು ಅಂತಾರೆ, ಇನ್ನೊಬ್ಬರು ನಾಯಕ ಲ್ಯೂಕ್ ಇಲ್ಲ, ವೇಡರ್ ಇಲ್ಲ, ಸಿನಿಮಾದ ಆ ಸಂಗೀತವೂ ಇಲ್ಲ, ಇದೆಂಥ ಸ್ಟಾರ್ ವಾರ್ಸ್ ಅಂತಾರೆ. ವಿಡಿಯೋ ನೋಡಿ ನನಗೇನೂ ಅಂದಾಜಾಗುತ್ತಿಲ್ಲ. ಹಳೇ ಸಿನಿಮಾಗಳನ್ನಷ್ಟೇ ಹಚ್ಚಿಕೊಂಡಿರುವ, ಅರವತ್ತು ದಾಟಿದವರಿಗೆ ಅಲ್ಲಿ ಏನಾದರೂ ಇದೆಯಾ? ಸುಮ್ನೆ ಹೊಗಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಸಾಲಲ್ಲಿ_ನಿಂತವ:

ಎರಡು ಸಲ ಹೋಗಿದ್ದೇನೆ. ಜಾಗದ ಬಗ್ಗೆ ಮಾತ್ರ ಕೇಳುವುದಾದರೆ ಕಣ್ಣು ಮುಚ್ಚಿ ಹೋಗಿ. 14 ಎಕರೆ. ಸುರಂಗದಂಥ ದಾರಿ ದಾಟಿ ಒಳಗೆ ಬಂದ ಮೇಲೆ ಪಾರ್ಕಿನ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ತಿರುವಿನಲ್ಲಿ ಹಾನ್ ಸೋಲೋನ ನೌಕೆ ಮಿಲೆನಿಯಂ ಫಾಲ್ಕನ್ ನಿಂತಿರುತ್ತದೆ, ನೂರು ಅಡಿಗಿಂತ ಜಾಸ್ತಿ ಉದ್ದ, ಅಸಲಿ ಅಳತೆ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂತ ನನಗೇ ಗೊತ್ತಿಲ್ಲ.

ಆದರೆ ನಿಮ್ಮ ತಂದೆಯವರಿಗೆ ಸಣ್ಣ ಸಣ್ಣವನ್ನು ತೋರಿಸಿ. ನೆಲ ನೋಡುತ್ತಾ ನಡೆಯಿರಿ, ಸಿಮೆಂಟಿನಲ್ಲಿ ಡ್ರಾಯ್ಡ್‌ಗಳು, ಅಂದರೆ ರೋಬೋಟ್‌ಗಳು, ಉರುಳಿ ಹೋದ ಗುರುತು ಮೂಡಿದೆ. ಮಾರುಕಟ್ಟೆಯ ಹತ್ತಿರ ಕುಡಿಯುವ ನೀರಿನ ಜಾಗದ ಮೇಲೆ ಒಂದು ತೊಟ್ಟಿ ಇದೆ. ಅಲ್ಲಿ ಸ್ವಲ್ಪ ಹೊತ್ತು ತಾಳ್ಮೆಯಿಂದ ನಿಂತರೆ ಕೊಳಕು ನೀರಿನಿಂದ ಒಂದೇ ಒಂದು ಕಣ್ಣು ಮೇಲೆದ್ದು ಸುತ್ತ ನೋಡಿ ಮತ್ತೆ ಮುಳುಗುತ್ತದೆ. 1977ರ ಸಿನಿಮಾದಲ್ಲಿ ಕಸದ ಗುಂಡಿಯೊಳಗೆ ಲ್ಯೂಕ್‌ನನ್ನು ಎಳೆದುಕೊಂಡಿತಲ್ಲ, ಅದೇ ಡಯನೋಗಾ! ಹಳೇ ಸಿನಿಮಾ ನೋಡಿದವರಿಗೆ ಮಾತ್ರ ಅರ್ಥವಾಗುವ ಇಂಥವು ಅಲ್ಲಿ ತುಂಬಾ ಇವೆ.

ಮತ್ತೆ ರೈಸ್ ಆಫ್ ದಿ ರೆಸಿಸ್ಟೆನ್ಸ್. ಅದನ್ನು ರೈಡ್ ಅಂತ ಕರೆಯುವುದೇ ಕಷ್ಟ, ಸುಮಾರು 18 ನಿಮಿಷ ನಡೆಯುತ್ತದೆ. ಒಂದು ನೌಕೆಯಲ್ಲಿ ಹೊರಡುತ್ತೀರಿ, ದಾರಿಯಲ್ಲಿ ಶತ್ರುಗಳು ಹಿಡಿಯುತ್ತಾರೆ, ಬಾಗಿಲು ತೆರೆದರೆ ಎದುರಿಗೆ ಐವತ್ತು ಸ್ಟಾರ್ಮ್‌ಟ್ರೂಪರ್ ಸೈನಿಕರು ಸಾಲಾಗಿ ನಿಂತಿದ್ದಾರೆ, ಅವರ ಹಿಂದೆ ಬಾಹ್ಯಾಕಾಶ. ನನ್ನ ಪಕ್ಕದಲ್ಲಿದ್ದವರೆಲ್ಲ ಮಾತು ನಿಲ್ಲಿಸಿಬಿಟ್ಟರು. ಆಮೇಲೆ ಹಳಿಯೇ ಇಲ್ಲದ ಗಾಡಿಯಲ್ಲಿ ನಾಲ್ಕು ಕಾಲಲ್ಲಿ ನಡೆಯುವ ಯುದ್ಧಯಂತ್ರಗಳಾದ ಎರಡು ದೈತ್ಯ ಎಟಿ-ಎಟಿಗಳ ಕಾಲ ಸಂದಿಯಲ್ಲಿ ನುಸುಳಬೇಕು. ಕೊನೆಗೆ ಒಂದು ಕಡೆ ಧಡಕ್ಕನೆ ಕೆಳಗಿಳಿಯುತ್ತದೆ, ತಂದೆಯವರಿಗೆ ಮೊದಲೇ ಹೇಳಿರಿ.

ಎಕ್ಸ್_ವಿಂಗ್:

ಮೇಲೆ ಹೇಳಿದ್ದೆಲ್ಲ ನಿಜ. ಆದರೂ ಬೇಜಾರಾದವರದ್ದು ಸುಳ್ಳಲ್ಲ, ನಾನೂ ಅವರಲ್ಲೊಬ್ಬ.

ಊರಿನ ಹೆಸರು ಬ್ಲ್ಯಾಕ್ ಸ್ಪೈರ್, ಗ್ರಹದ ಹೆಸರು ಬಟೂ. ಯಾವ ಸಿನಿಮಾದಲ್ಲೂ ನೋಡಿದ ಊರಲ್ಲ. ಕಾಲವನ್ನೂ ಎಂಟನೇ ಮತ್ತು ಒಂಬತ್ತನೇ ಕಂತಿನ ಮಧ್ಯೆ ಇಟ್ಟರು. ಆ ಹೊತ್ತಿಗೆ ಹಾನ್ ಸೋಲೋ ಇಲ್ಲ, ಲ್ಯೂಕ್ ಇಲ್ಲ, ವೇಡರ್ ಸತ್ತು ಎಷ್ಟೋ ವರ್ಷ ಆಗಿದೆ. ಹಾಗಾಗಿ ಬೀದಿಯಲ್ಲಿ ಸಿಗುತ್ತಿದ್ದದ್ದು ಹೊಸ ಸಿನಿಮಾಗಳ ರೇ, ಕೈಲೋ ರೆನ್, ಜೊತೆಗೆ ಚೂಬಾಕಾ. ಮನೆ ಅಷ್ಟು ಚೆನ್ನಾಗಿ ಕಟ್ಟಿ ಮನೆಯವರನ್ನೇ ಕರೆಯದಿದ್ದ ಹಾಗೆ ಆಯ್ತು. ಸಂಗೀತದ ಕಥೆ ನನಗೆ ಇನ್ನೂ ನೋವು ಕೊಡುತ್ತದೆ. ಸಿನಿಮಾಗಳ ಸಂಗೀತ ಮಾಡಿದ ಜಾನ್ ವಿಲಿಯಮ್ಸ್ ಈ ಜಾಗಕ್ಕೆಂದೇ ಹೊಸದಾಗಿ ಬರೆದುಕೊಟ್ಟರು, ಅದಕ್ಕೆ 2020ರಲ್ಲಿ ಗ್ರ್ಯಾಮಿ ಬಂತು. ಆದರೆ ಬೀದಿಯಲ್ಲಿ ನಡೆದರೆ ಕೇಳಿಸುತ್ತಿದ್ದದ್ದು ಹಕ್ಕಿಗಳು, ತಲೆ ಮೇಲೆ ಹಾದುಹೋಗುವ ನೌಕೆಯ ಸದ್ದು, ಇಷ್ಟೇ. ಊರು ನಿಜ ಅನ್ನಿಸಬೇಕು ಅಂತ ಹಾಗೆ ಮಾಡಿದ್ದು, ಗೊತ್ತು. ಆದರೆ ಆ ಸಂಗೀತವಿಲ್ಲದ ಸ್ಟಾರ್ ವಾರ್ಸ್ ನಮ್ಮ ತಲೆಯೊಳಗೆ ಇಲ್ಲವೇ ಇಲ್ಲ, ಅಲ್ವಾ?

ಇನ್ನೊಂದು, ಕಟ್ಟುವ ಕಾಲದಲ್ಲಿ ಕೊಟ್ಟ ಆಸೆ ದೊಡ್ಡದು. ಫಾಲ್ಕನ್ ಓಡಿಸುವ ರೈಡ್‌ನಲ್ಲಿ ಅದನ್ನು ಎಲ್ಲಾದರೂ ಗುದ್ದಿಸಿದರೆ ಆಮೇಲೆ ಅಲ್ಲಿನ ಬಾರ್ ಕ್ಯಾಂಟೀನಾದಲ್ಲಿ ಯಾರೋ ಬಂದು ನಿಮ್ಮನ್ನು ವಿಚಾರಿಸಿಕೊಳ್ಳಬಹುದು ಅಂತೆಲ್ಲ ಮಾತಿತ್ತು. ಅದು ಬರಲಿಲ್ಲ. ಅಷ್ಟು ಹೇಳದೇ ಇದ್ದಿದ್ದರೆ ನಾವೂ ಅಷ್ಟು ಕಾಯುತ್ತಿರಲಿಲ್ಲ.

ನೀಲಿ_ಹಾಲು:

ಎಕ್ಸ್_ವಿಂಗ್ ಅವರೇ, ಮನೆಯವರನ್ನು ಕರೆಯಲಿಲ್ಲ ಅಂದಿರಲ್ಲ, ಈಗ ಕರೆಯುತ್ತಿದ್ದಾರೆ. ಅನಹೈಮ್‌ನಲ್ಲಿ 2026ರ ಏಪ್ರಿಲ್ 29ರಿಂದ ಆ ಕಾಲದ ಕಟ್ಟು ಸಡಿಲಿಸಿ ಲ್ಯೂಕ್, ಲೀಯಾ, ಹಾನ್, ವೇಡರ್ ಎಲ್ಲರನ್ನೂ ತರುತ್ತೇವೆ, ವಿಲಿಯಮ್ಸ್ ಸಂಗೀತವನ್ನೂ ಹಾಕುತ್ತೇವೆ ಅಂತ ಡಿಸ್ನಿಯೇ ಘೋಷಿಸಿದೆ. ಅಭಿಮಾನಿಗಳು ಮೊದಲ ದಿನದಿಂದ ಕೇಳಿದ್ದೇ ಇದನ್ನು. ಪ್ರಶ್ನೆ ಕೇಳಿದವರು ಫ್ಲೋರಿಡಾದಲ್ಲಿರುವ ಇನ್ನೊಂದು ಗ್ಯಾಲಕ್ಸೀಸ್ ಎಡ್ಜ್‌ಗೆ ಹೋಗುವ ಯೋಚನೆ ಮಾಡಬೇಡಿ, ಈ ಬದಲಾವಣೆ ಹೇಳಿರುವುದು ಕ್ಯಾಲಿಫೋರ್ನಿಯಾದ್ದಕ್ಕೆ ಮಾತ್ರ.

ಇನ್ನು ಸ್ಮಗ್ಲರ್ಸ್ ರನ್ ರೈಡ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಫಾಲ್ಕನ್ ಒಳಗೆ ಹೋಗಿ ಓಡಿಸುವುದು. ಕಾಯುವ ಕೋಣೆಯಲ್ಲಿ ಆ ದುಂಡನೆಯ ಚದುರಂಗದ ಮೇಜು ಇದೆ, ಸುತ್ತ ಕೂರಬಹುದು. ಆಮೇಲೆ ಆರು ಜನರ ತಂಡ: ಇಬ್ಬರು ಪೈಲಟ್, ಇಬ್ಬರು ಗನ್ನರ್, ಇಬ್ಬರು ಇಂಜಿನಿಯರ್. ಯಾರು ಏನು ಅನ್ನುವ ಕಾರ್ಡ್ ಬಾಗಿಲಲ್ಲಿ ಕೊಡುತ್ತಾರೆ, ತಂಡದವರು ಒಪ್ಪಿದರೆ ಅದಲು ಬದಲು ಮಾಡಿಕೊಳ್ಳಬಹುದು. ಎಡಗಡೆ ಪೈಲಟ್ ನೌಕೆಯನ್ನು ಎಡ ಬಲ ತಿರುಗಿಸುತ್ತಾರೆ. ಬಲಗಡೆಯವರು ಮೇಲೆ ಕೆಳಗೆ. ಬೆಳಕಿಗಿಂತ ವೇಗವಾಗಿ ಹಾರಲು ಹೈಪರ್‌ಸ್ಪೇಸ್ ಲಿವರ್ ಎಳೆಯುವುದೂ ಬಲಗಡೆಯವರೇ. ಎಳೆದ ತಕ್ಷಣ ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ. ಅಲ್ಲಾಡುತ್ತದೆ, ಬೆನ್ನು ಕುತ್ತಿಗೆ ನೋವಿದ್ದರೆ ಮಾತ್ರ ಬೇಡ. ಇಲ್ಲದಿದ್ದರೆ ತಂದೆಯವರನ್ನು ಹಿಂದಿನ ಸೀಟಲ್ಲಿ ಕೂರಿಸಬೇಡಿ, ದಯವಿಟ್ಟು.

ಹಳೇ_ಅಭಿಮಾನಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಏಪ್ರಿಲ್ ಕಳೆದ ಮೇಲೆಯೇ ಹೋಗುತ್ತೇವೆ. ವೇಡರ್ ಬರುತ್ತಾನೆ ಅಂತ ಅಪ್ಪನಿಗೆ ಹೇಳುವುದಿಲ್ಲ, ಎದುರಿಗೆ ಬಂದಾಗಲೇ ನೋಡಲಿ. ಬೆನ್ನು ನೋವಿನ ಬಗ್ಗೆ ಈಗ ಫೋನ್ ಮಾಡಿ ಕೇಳಿದೆ, ಏನೂ ಇಲ್ಲವಂತೆ, ಯಾಕೆ ಕೇಳಿದೆ ಅಂದರು. ಏನೋ ಒಂದು ಹೇಳಿ ಫೋನ್ ಇಟ್ಟೆ. ಬಲಗಡೆ ಸೀಟು ಅವರದ್ದು.