ಸಮಸ್ಯೆ: ಬಾಯಿಲ್ಲದ ಜೀವಿಯುಂಡು ತೇಗಿದುದಲ್ತೇ

ಮೇಷ್ಟ್ರು: ಕೊನೆಯ ಸಾಲು ಕೊಟ್ಟಿದ್ದೇನೆ, ಮೊದಲ ಮೂರು ಸಾಲು ಕಟ್ಟಿ ಪದ್ಯ ಪೂರ್ತಿ ಮಾಡಿ. ವಸ್ತು ಅನ್ಯಗ್ರಹದ ಜೀವಿ. ಹಸಿರು ಮೈ, ದೊಡ್ಡ ಕಣ್ಣು, ತಲೆ ಮೇಲೆ ಕೊಂಬು ಇವೆಲ್ಲ ಸಿನಿಮಾದವರಿಗಿರಲಿ.

ಪ್ಲುತ:
ತೋಯಧಿ ಹಿಮದಡಿ ಯೂರೋ-
ಪಾಯೊಳ್ ಬಿಸಿಯೂಟೆಯಂಚಿನೊಳ್ ಕೊಳವೆಗಳೊಳ್
ಕಾಯದ ಸೂಕ್ಷ್ಮಾಣುಗಳಿಂ
ಬಾಯಿಲ್ಲದ ಜೀವಿಯುಂಡು ತೇಗಿದುದಲ್ತೇ

ಕಲ್ಪನೆ ಪೂರ್ತಿ ನನ್ನದಲ್ಲ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಕಡಲತಳದ ಬಿಸಿಬುಗ್ಗೆಗಳ, ಅಂದರೆ ಬಿಸಿಯೂಟೆಗಳ ಪಕ್ಕ ಕಂಡ ಕೊಳವೆಹುಳುಗಳಿಗೆ, ಬೆಳೆದ ಮೇಲೆ ಬಾಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗಿನ ಬ್ಯಾಕ್ಟೀರಿಯಗಳೇ ಗಂಧಕದ ಅನಿಲ ಬಳಸಿ ಅಡುಗೆ ಮಾಡಿ ಬಡಿಸುತ್ತವೆ. ಗುರುಗ್ರಹದ ಚಂದ್ರ ಯೂರೋಪಾದ ಮಂಜುಗಡ್ಡೆಯಡಿಯ ಕಡಲಲ್ಲೂ (ಅದೇ ತೋಯಧಿ) ಅಂಥ ಬುಗ್ಗೆ ಇದ್ದರೆ?

ತುಂಗಾತೀರ: ಬಿಸಿಯೂಟೆ! ಶಾಲೆಯ ಬಿಸಿಯೂಟ ಗುರುಗ್ರಹದವರೆಗೂ ಹೋಯಿತೇ ಮಾರಾಯ್ರೆ?

ಅರ್ಧಾನುಸ್ವಾರ: ಊಟೆ ಇರಲಿ. 'ಯೂರೋಪಾಯೊಳ್' ಯಾವ ಸೀಮೆಯ ರೂಪ? ಸೀತಾ ಸೀತೆಯಾದ ನಾಡಿನಲ್ಲಿ ಯೂರೋಪಾ ಯೂರೋಪೆಯೇ. 'ಪೆಯೊಳ್' ಎಂದರೆ, ಪ್ರತಿ ಸಾಲಿನ ಮೊದಲಕ್ಷರ ದೀರ್ಘ, ಎರಡನೆಯದು ಒಂದೇ ವ್ಯಂಜನ ಇರಬೇಕಾದ ನಿಮ್ಮ ಗಜಪ್ರಾಸ ಕುಂಟುತ್ತದೆ.

ಪ್ಲುತ: ಆ ನಿಯಮ ಸಂಸ್ಕೃತದ ಪದಗಳಿಗೆ. ಇದು ಗ್ರೀಕರ ಹೆಣ್ಣಿನ ಹೆಸರು. ಅಮೆರಿಕಾ ನಿಮ್ಮ ಬಾಯಲ್ಲಿ ಅಮೆರಿಕೆಯೋ?

ಅರ್ಧಾನುಸ್ವಾರ: ಅಮೆರಿಕಾದೊಳ್ ಅನ್ನುತ್ತೇವೆ ಸ್ವಾಮಿ, ಅಮೆರಿಕಾಯೊಳ್ ಅನ್ನುವುದಿಲ್ಲ. ಪ್ರಾಸಕ್ಕೆ ಯಕಾರ ಬೇಕಿತ್ತು, ಕರೆಸಿಕೊಂಡಿರಿ.

ಪ್ಲುತ: ಹೋದ ಯುಗಾದಿಗೆ, ಗುರುವಾಗಬೇಕಾದ 'ಕ್ಷ'ದ ಹಿಂದಿನ ಅಕ್ಷರವನ್ನು ಲಘು ಮಾಡಿ ದಕ್ಕಿಸಿಕೊಂಡವರು ನೀವು. ಅವತ್ತು ನಾವೆಲ್ಲ ಬಾಯಿಲ್ಲದೆಯೇ ನುಂಗಿದೆವು.

ಸಂಜೆಗೆಂಪು: ನಡುವೆ ನನ್ನದೊಂದು. ಕೆಂಗುಬ್ಜ ತಾರೆಯ, ಅಂದರೆ ಸಣ್ಣ ಕೆಂಪು ನಕ್ಷತ್ರದ ಸುತ್ತಲಿನ ಗ್ರಹ. ಬೆಳಕು ಮಬ್ಬು, ಸಿಕ್ಕ ಬಣ್ಣವನ್ನೆಲ್ಲ ಹೀರುವ ಗಿಡ ಕಪ್ಪಾಗಿ ಕಂಡೀತು.

ಆಯಾಸದ ಮಬ್ಬೆಳಕಂ
ಛಾಯೆಯವೊಲ್ ಕರ್ಪುಗೊಂಡ ಪತ್ರದಿನೀಂಟಲ್
ಸಾಯದ ಕೆಂಗುಬ್ಜನ ಬಳಿ
ಬಾಯಿಲ್ಲದ ಜೀವಿಯುಂಡು ತೇಗಿದುದಲ್ತೇ

ಮೇಷ್ಟ್ರು: ಸೊಗಸು.

ತುಂಗಾತೀರ: ತೇಗು ಎಲ್ಲಿ?

ಸಂಜೆಗೆಂಪು: ಆಮ್ಲಜನಕ.

ಅರ್ಧಾನುಸ್ವಾರ: ಪ್ಲುತರೇ, ತಿದ್ದಿಕೊಟ್ಟಿದ್ದೇನೆ, ಹಿಡಿಯಿರಿ.

ತೋಯಧಿ ಗುರುಚಂದ್ರನೊಳಿರೆ
ಮಾಯದ ಬಿಸಿಯೂಟೆಯಂಚಿನೊಳ್ ಕೊಳವೆಗಳೊಳ್

ಮುಂದಿನದು ನಿಮ್ಮದೇ.

ಪ್ಲುತ: ಗಜಪ್ರಾಸ ಉಳಿಸಲು ಹೋಗಿ, ಗುರುವನ್ನೂ ಚಂದ್ರನನ್ನೂ ಕೂಡಿಸಿ ಗಜಕೇಸರಿಯೋಗ ತಂದಿರಿ! ಇದನ್ನೋದಿದವರು ಜಾತಕ ತೆಗೆಯುತ್ತಾರೆ. ಗುರುವಿಗೆ 90ಕ್ಕೂ ಹೆಚ್ಚು ಚಂದ್ರರಿದ್ದಾರೆ, ನಿಮ್ಮದು ಯಾವುದು? ಅಯೋ ಎಂಬ ಚಂದ್ರನಿಗೆ ಹೋಗಿ ಇಳಿದರೆ ಅಲ್ಲಿ ಜ್ವಾಲಾಮುಖಿಗಳದೇ ಕಾರುಬಾರು, ತೋಯಧಿಯನ್ನು ಹುಡುಕಬೇಕು.

ಅರ್ಧಾನುಸ್ವಾರ: ಮಾತು ತಪ್ಪಿಸಬೇಡಿ. 'ಪಾಯೊಳ್'ಗೆ ಒಂದು ಪ್ರಯೋಗ ತೋರಿಸಿ.